ನಿಡುಗಲ್ ಕೋಟೆಯ ದಾಖಲೆ ಶಿಬಿರ: ಖಂಡಿತ ಹೋಗಿ, ಆದರೆ ಒಂದು ತಕರಾರು ಇದೆ

ಪಾವಗಡ ತಾಲ್ಲೂಕಿನ ನಿಡುಗಲ್ ಕೋಟೆಯಲ್ಲಿ ನಡೆಯುವ ದಾಖಲೆ ಶಿಬಿರ, ಅಂದರೆ ಕೋಟೆಯ ಗೋಡೆ, ಶಾಸನಗಳನ್ನೆಲ್ಲ ಅಳೆದು, ಫೋಟೋ ತೆಗೆದು ಬರೆದಿಡುವ ಶಿಬಿರ ಹೇಗಿದೆ, ದುಡ್ಡು ಕೊಟ್ಟು ಹೋಗಬಹುದಾ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಸುಮಾರು ಜನ ಕೇಳಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದುಬಿಡುತ್ತೇನೆ. ಹೋಗಿ. ಖಂಡಿತ ಹೋಗಿ. ಹಳೇ ಕೋಟೆ ಕಂಡರೆ ಕಾಲು ನಿಲ್ಲದವರಿಗೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಇಂಥ ಇನ್ನೊಂದು ಶಿಬಿರವನ್ನು ನಾನು ಕಂಡಿಲ್ಲ. ಒಂದು ದೊಡ್ಡ ಕೊರತೆ ಇದೆ, ಅದನ್ನು ಕೆಳಗೆ ಬರೆದಿದ್ದೇನೆ. ಶಿಬಿರ ನಡೆಸುವವರು ಇದನ್ನು ಓದುತ್ತಾರೆ ಅಂತ ಗೊತ್ತು, ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನಡೆಸುವವರು ದೊಡ್ಡ ಸಂಸ್ಥೆ ಏನಲ್ಲ. ತುಮಕೂರು, ಮಧುಗಿರಿ, ಪಾವಗಡ ಕಡೆಯ ಕೆಲವರು ಸೇರಿಕೊಂಡು ಮಾಡುತ್ತಿದ್ದಾರೆ. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ, ಸರ್ವೆ ಕೆಲಸ ಗೊತ್ತಿರುವ ಇಂಜಿನಿಯರ್ ಹುಡುಗರಿದ್ದಾರೆ, ಹಳೇ ಶಾಸನಗಳನ್ನು ನೀರು ಕುಡಿದ ಹಾಗೆ ಓದುವ ಮೇಡಂ ಒಬ್ಬರಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರ ಸಂಜೆ ಮುಗಿಯುತ್ತದೆ. ದಸರಾ ಕಳೆದ ಮೇಲಿಂದ ಶಿವರಾತ್ರಿ ತನಕ ಮಾತ್ರ ಇಡುತ್ತಾರೆ, ಆಮೇಲೆ ಬಂಡೆ ಕಾದು ಕೈಯಿಡಲೂ ಆಗುವುದಿಲ್ಲ. ಒಬ್ಬರಿಗೆ 900 ರೂಪಾಯಿ, ಊಟ ತಿಂಡಿ, ಮಲಗಲು ಜಾಗ ಎಲ್ಲ ಅದರಲ್ಲೇ. ಬೆಟ್ಟದ ಬುಡದ ಊರಿನವರಿಗೂ ಸುತ್ತಲ ಹಳ್ಳಿಯವರಿಗೂ ಶುಲ್ಕ ಇಲ್ಲ. ಅಷ್ಟೇ ಅಲ್ಲ, ದಾರಿ ತೋರಿಸಲು, ಜಾಗಗಳ ಹೆಸರು ಹೇಳಲು ಬರುವ ಊರಿನವರಿಗೆ ಪೂರ್ತಿ ದಿನದ ಕೂಲಿ ಕೊಡುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ಬೆಟ್ಟ ತೋರಿಸಿದ ಅಣ್ಣನಿಗೆ ಒಂದು ಟೀ ಕುಡಿಸಿ ಕಳಿಸುವುದನ್ನು ಬೇರೆ ಕಡೆ ನೋಡಿ ನೋಡಿ ಬೇಜಾರಾಗಿತ್ತು.

ತುಮಕೂರಿನಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಸುಮಾರು 100 ಕಿ.ಮೀ. ಬಸ್ಸಿಗೆ ಹೋಗುವವರು ಬೇಗ ಹೊರಡಿ. ಶನಿವಾರ ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಬರುವ ಜನ ಜಾಸ್ತಿ, ಬಸ್ಸು ತುಂಬಿಕೊಂಡೇ ಬರುತ್ತವೆ. ಪಾವಗಡದಿಂದ ಮುಂದಕ್ಕೆ ಅವರೇ ಟೆಂಪೋ ಮಾಡಿರುತ್ತಾರೆ.

ಮುಖ್ಯವಾಗಿ ಒಂದು ವಿಷಯ ತಿಳಿದುಕೊಂಡು ಹೋಗಿ. ಪುರಾತತ್ವ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಗುದ್ದಲಿ, ಹಾರೆ. ಇಲ್ಲಿ ಅವೆರಡನ್ನೂ ಬೆಟ್ಟದ ಮೇಲೆ ತರುವಂತಿಲ್ಲ. ಯಾರೂ ಒಂದು ಹಿಡಿ ಮಣ್ಣು ಸಹ ಅಗೆಯುವುದಿಲ್ಲ. ಉತ್ಖನನಕ್ಕೆ ಸರ್ಕಾರದ ಪರವಾನಗಿ ಬೇಕು. ಕೇಂದ್ರದ 1958ರ ಸ್ಮಾರಕ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 1961ರ ಕಾಯ್ದೆ ಇದೆ, ಭೂಮಿಯಲ್ಲಿ ನಿಧಿ ಅನ್ನುವಂಥದ್ದು ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದನ್ನೆಲ್ಲ ಮೇಷ್ಟ್ರು ಮೊದಲ ಅರ್ಧ ಗಂಟೆಯಲ್ಲೇ ಹೇಳಿ, ಅಳತೆ ಮಾಡಲು, ಫೋಟೋ ತೆಗೆಯಲು ತಾವು ಪಡೆದ ಅನುಮತಿ ಪತ್ರಗಳನ್ನೂ ಎಲ್ಲರ ಕೈಗೆ ಕೊಟ್ಟು ತೋರಿಸಿದರು.

ಕಾನೂನು ಬಿಡಿ, ಅಗೆಯಬಾರದು ಅನ್ನುವುದಕ್ಕೆ ಅವರು ಕೊಟ್ಟ ಕಾರಣ ಅದಕ್ಕಿಂತ ಗಟ್ಟಿ. ಒಂದು ಬೋಕಿ ಚೂರು (ಒಡೆದ ಮಡಕೆಯ ಚೂರು) ಎಷ್ಟು ಹಳೇದು ಅಂತ ಗೊತ್ತಾಗುವುದು ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನುವುದರಿಂದ. ಪದರ ಕಲಕಿದರೆ ಮುಗೀತು, ಮತ್ತೆ ಜೋಡಿಸಲು ಬರುವುದಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಂದ್ರವಳ್ಳಿಯಲ್ಲಿ ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಬ್ರಹ್ಮಗಿರಿಯಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಪದರ ಪದರವಾಗಿ ಬಿಡಿಸಿ ಬರೆದಿಟ್ಟರು. ಅದಕ್ಕೇ ಇವತ್ತಿಗೂ ಆ ಕೆಲಸದ ಮೇಲೆ ನಿಂತು ಮಾತಾಡಬಹುದು. ಗೊತ್ತಿಲ್ಲದವರು ಅಗೆದ ಗುಂಡಿಯಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ನೆಲದ ಮೇಲೆ ಬಿದ್ದಿರುವ ಬೋಕಿಯನ್ನೂ ಎತ್ತಿ ಜೇಬಿಗೆ ಹಾಕುವಂತಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಜಾಗ ಬರೆದುಕೊಂಡು, ಇದ್ದಲ್ಲೇ ಬಿಟ್ಟು ಬರಬೇಕು. ನಮ್ಮ ಜೊತೆ ಬಂದಿದ್ದ ಕಾಲೇಜು ಹುಡುಗರಿಗೆ ಶುರುವಿನಲ್ಲಿ ಇದು ಸಪ್ಪೆ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಅವರೇ ಬೇರೆಯವರಿಗೆ "ಮುಟ್ಬೇಡಿ ಸಾರ್, ಮೊದಲು ಫೋಟೋ" ಅನ್ನುತ್ತಿದ್ದರು.

ನಿಡುಗಲ್ ಯಾಕೆ ಮುಖ್ಯ ಅಂತ ಸ್ವಲ್ಪ ಹೇಳಬೇಕು. ಬೆಂಗಳೂರಿನಿಂದ ಬರುವವರೆಲ್ಲ ಮಧುಗಿರಿಯ ಏಕಶಿಲೆ ಬೆಟ್ಟ ಹತ್ತಿ ವಾಪಸ್ ಹೋಗುತ್ತಾರೆ, ಇಲ್ಲಿಯ ತನಕ ಬರುವವರು ಕಡಿಮೆ. ಮಧುಗಿರಿಯ ಕಥೆ ಜನರಿಗೆ ಸುಮಾರಾಗಿ ಗೊತ್ತು. 1678ರಲ್ಲಿ ಚಿಕ್ಕದೇವರಾಜ ಒಡೆಯರ್ ಗೆದ್ದಿದ್ದು, ಹೈದರ್ ಅಲಿ ಬಿದನೂರಿನ ರಾಣಿ ವೀರಮ್ಮಾಜಿಯನ್ನು ಅಲ್ಲಿ ಸೆರೆಯಲ್ಲಿಟ್ಟಿದ್ದು, 1767ರಲ್ಲಿ ಮರಾಠರು ಬಿಡಿಸಿದ್ದು. ನಿಡುಗಲ್ ಅದಕ್ಕಿಂತ ನೂರಾರು ವರ್ಷ ಹಿಂದೆಯೇ ಒಂದು ರಾಜಮನೆತನದ ರಾಜಧಾನಿ. ನಿಡುಗಲ್ ಚೋಳರು ಅಂತ ಕರೆಯುತ್ತಾರೆ. ತಾವು ಕರಿಕಾಲ ಚೋಳನ ವಂಶ, ಒರೆಯೂರಿನ ಒಡೆಯರು ಅಂತ ಶಾಸನಗಳಲ್ಲಿ ಹೇಳಿಕೊಂಡವರು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು, ಹೊಯ್ಸಳರ ಜೊತೆ ಕಾದಾಡಿದರು. ಹೆಂಜೇರಿನಿಂದಲೂ ಆಳಿದವರು. ಹೆಂಜೇರು ಅಂದರೆ ಈಗ ಗಡಿಯಾಚೆ ಆಂಧ್ರದ ಮಡಕಶಿರಾ ಕಡೆ ಇರುವ ಹೇಮಾವತಿ. 1232ರ ಒಂದು ಶಾಸನದಲ್ಲಿ ಈ ಮನೆತನದ ದೊರೆ ಇರುಂಗೋಳ ಆಳುತ್ತಿದ್ದಾಗ ಗಂಗೇಯನ ಮಾರೆಯ ಅನ್ನುವವನು ಈ ಬೆಟ್ಟದ ಮೇಲೆ ಪಾರ್ಶ್ವ ಜಿನನಿಗೆ ಬಸದಿ ಕಟ್ಟಿಸಿದ್ದು ಬರುತ್ತದೆ. ಆಮೇಲೆ ವಿಜಯನಗರ, ಆಮೇಲೆ ಪಾಳೇಗಾರರು, 1761ರಲ್ಲಿ ಹೈದರ್ ಸಿರಾ ಗೆದ್ದ ಮೇಲೆ ಈ ಕಡೆಯ ಪಾಳೇಗಾರರ ಕಾಲವೂ ಇಳಿಮುಖ. ಅಂದರೆ ಒಂದೇ ಬೆಟ್ಟದ ಮೇಲೆ ಐನೂರು ಆರುನೂರು ವರ್ಷ ಬೇರೆ ಬೇರೆಯವರು ಕಟ್ಟುತ್ತಾ, ರಿಪೇರಿ ಮಾಡುತ್ತಾ, ಕೆಡವುತ್ತಾ ಬಂದಿದ್ದಾರೆ.

ಇದನ್ನೆಲ್ಲ ನೀವು ಮನೆಯಲ್ಲೇ ಕೂತು ಓದಬಹುದು. ಶಿಬಿರದಲ್ಲಿ ಸಿಗುವುದು ಬೇರೆ. ಆ ಐನೂರು ವರ್ಷ ಗೋಡೆಯಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಕಲಿಸುತ್ತಾರೆ.

ಶನಿವಾರ ಬೆಳಿಗ್ಗೆಯ ಕೆಲಸವೇ ಅದು. ನಾಲ್ಕು ನಾಲ್ಕು ಜನರ ಗುಂಪು. ಒಬ್ಬರು ಕೆಂಪು ಬಿಳಿ ಬಣ್ಣದ ಅಳತೆ ಕೋಲು ಹಿಡಿಯಬೇಕು, ಒಬ್ಬರು ಟೇಪು, ಒಬ್ಬರು ಕ್ಯಾಮೆರಾ, ಇನ್ನೊಬ್ಬರು ಫಾರಂ ತುಂಬಬೇಕು. ನಮ್ಮ ಗುಂಪಿಗೆ ಸಿಕ್ಕಿದ್ದು ಒಂದು ಬಾಗಿಲ ಪಕ್ಕದ ತುಂಡು ಗೋಡೆ, ಹದಿನೈದು ಹೆಜ್ಜೆ ಉದ್ದ ಇರಬಹುದು ಅಷ್ಟೇ. ಸುಮ್ನೆ ನಡೆದುಹೋಗುವವನಿಗೆ ಅದು ಕಲ್ಲಿನ ಗೋಡೆ, ಮುಗೀತು. ಮೇಷ್ಟ್ರು ಬಂದು ಏನೂ ಹೇಳಲಿಲ್ಲ. "ಇದರಲ್ಲಿ ಎಷ್ಟು ಗೋಡೆ ಇದೆ ನೋಡ್ರಪ್ಪಾ" ಅಂತ ಕೇಳಿ ಹೊರಟೇ ಹೋದರು. ನಾವು ನೋಡುತ್ತಾ ನಿಂತೆವು. ತಳದ ಸಾಲುಗಳಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲು, ಗಾರೆ ಇಲ್ಲ, ಒಂದರ ಮೈಗೆ ಇನ್ನೊಂದನ್ನು ಕೂರಿಸಿ ಸಂದಿಗೆ ಸಣ್ಣ ಚಕ್ಕೆ ಬಡಿದಿದ್ದಾರೆ. ಎದೆಮಟ್ಟ ಬಂದ ಮೇಲೆ ಕಲ್ಲು ಸಣ್ಣವಾಗುತ್ತವೆ, ಚೌಕವಾಗುತ್ತವೆ, ಸಾಲು ನೇರವಾಗುತ್ತದೆ. ಅದರ ಮೇಲೆ ಗಾರೆ ಕಾಣುತ್ತದೆ. ತುದಿಯಲ್ಲಿ ಇಟ್ಟಿಗೆಯ ತೆನೆ (ಕೋಟೆ ಗೋಡೆಯ ತಲೆಯ ಮೇಲಿನ ಹಲ್ಲಿನಂಥ ಭಾಗ), ಅದೂ ಅರ್ಧ ಬಿದ್ದಿದೆ, ಆದರೆ ಉಳಿದ ಅರ್ಧದಲ್ಲಿ ಒಂದು ಕಿಂಡಿ ಇದೆ, ಒಳಗಡೆ ಅಗಲ, ಹೊರಗಡೆ ಕಿರಿದು, ಕೆಳಗಿನ ದಾರಿಯ ಕಡೆಗೆ ಇಳಿಜಾರು. ಅದು ಬಂದೂಕಿನ ಕಿಂಡಿ. ಬಂದೂಕು ಈ ಕಡೆಗೆ ಬರುವ ಮೊದಲು ಆ ಕಿಂಡಿ ಇರಲು ಸಾಧ್ಯವೇ ಇಲ್ಲ. ಅಂದರೆ ತಳ ಹಳೇದು, ನಡು ಆಮೇಲಿನದು, ತಲೆ ಇನ್ನೂ ಆಮೇಲಿನದು. ಹದಿನೈದು ಹೆಜ್ಜೆಯಲ್ಲಿ ಮೂರು ಗೋಡೆ. ಮೇಷ್ಟ್ರು ವಾಪಸ್ ಬಂದಾಗ ಕ್ಯಾಮೆರಾ ಹಿಡಿದಿದ್ದ ಹುಡುಗಿ ಅದನ್ನು ಹೇಳಿದಳು. ಅವರು "ಸರಿ, ನಡುವಿನದು ತಳಕ್ಕಿಂತ ಎಷ್ಟು ಆಮೇಲೆ?" ಅಂದರು. ಅದನ್ನು ಬರೀ ನೋಡಿ ಹೇಳಲು ಆಗುವುದಿಲ್ಲ ಅನ್ನುವುದೇ ಉತ್ತರ, ಅದನ್ನೇ ಫಾರಂನಲ್ಲೂ ಬರೆಯಬೇಕು. ಮೊದಲು, ಆಮೇಲೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ವರ್ಷ ಕಾಣುವುದಿಲ್ಲ.

ಕಲ್ಲು ಸೀಳಿದ ಗುರುತನ್ನೂ ನೋಡಲು ಕಲಿಸಿದರು. ಬಂಡೆಯ ಮೇಲೆ ಸಾಲಾಗಿ ಉದ್ದುದ್ದ ಗುಳಿ ಇದ್ದರೆ ಅಲ್ಲಿ ಬೆಣೆ ಹೊಡೆದು ಕಲ್ಲು ಬಿಡಿಸಿದ್ದಾರೆ ಅಂತ ಅರ್ಥ. ಕೋಟೆಗೆ ಕಲ್ಲು ಬೇರೆಲ್ಲಿಂದಲೋ ಬಂದಿಲ್ಲ, ಕಾಲ ಕೆಳಗಿನ ಬಂಡೆಯೇ ಗೋಡೆಯಾಗಿದೆ. ಅರ್ಧ ಗುಳಿ ಬಂಡೆಯಲ್ಲಿ, ಉಳಿದರ್ಧ ಗೋಡೆಯ ಕಲ್ಲಿನಲ್ಲಿ ಇರುತ್ತದೆ. ಸಾಲಾಗಿ ಗುಳಿ ಇದ್ದೂ ಕಲ್ಲು ಬಿಡಿಸದೇ ಹಾಗೇ ಬಿಟ್ಟಿರುವ ಬಂಡೆಗಳೂ ಇವೆ. ಮಷಿನ್ನಿನಿಂದ ಕೊರೆದ ಗುಂಡನೆಯ ಉದ್ದ ತೂತು ಕಂಡರೆ ಅದು ನಮ್ಮ ಕಾಲದ್ದು, ಅದನ್ನು ಬೇರೆ ಕಾಲಂನಲ್ಲಿ ಬರೆಯಬೇಕು. ಈ ಬೇರೆ ಕಾಲಂ ಇಟ್ಟಿದ್ದು ಒಳ್ಳೇದಾಯಿತು. ಕೋಟೆಗಳಿಗೆ ಇವತ್ತು ಏನಾಗುತ್ತಿದೆ ಅನ್ನುವುದೂ ದಾಖಲೆಯೇ ಅಲ್ವಾ.

ಮಧ್ಯಾಹ್ನ ದೊಣೆಗಳ, ಅಂದರೆ ಬಂಡೆಯಲ್ಲಿ ಮಳೆ ನೀರು ನಿಲ್ಲುವ ಹೊಂಡಗಳ ಕೆಲಸ. ನೀರಿಲ್ಲದೆ ಬೆಟ್ಟದ ಮೇಲೆ ಸೈನ್ಯ ಎರಡು ದಿನ ನಿಲ್ಲುವುದಿಲ್ಲ, ಅದರಲ್ಲೂ ಪಾವಗಡದಂಥ ಮಳೆ ಕಡಿಮೆಯ ಸೀಮೆಯಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಕೋಟೆ ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಬೈರೇಗೌಡನ ಕಾಲದ ಕೋಟೆಯಲ್ಲಿ 19 ದೊಣೆಗಳನ್ನು ಮಳೆ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುವ ಹಾಗೆ ಮಾಡಿದ್ದಾರೆ. ನಿಡುಗಲ್ಲಿನಲ್ಲಿ ಕಾಲುವೆ ಎಲ್ಲಿ ಕೊರೆದಿದ್ದಾರೆ, ನೀರು ಎಲ್ಲಿಂದ ಇಳಿಯುತ್ತದೆ, ಕಟ್ಟೆ ಎಲ್ಲಿ ಒಡೆದಿದೆ ಅಂತ ನಾವು ನಕ್ಷೆ ಬರೆದೆವು. ಇಂಜಿನಿಯರ್ ಹುಡುಗ ಒಂದು ಬಾಟಲಿ ನೀರನ್ನು ಬಂಡೆಯ ಮೇಲೆ ಸುರಿದು ಅದು ಹೋದ ದಾರಿಯನ್ನು ತೋರಿಸಿದ. ನೀರು ನೇರವಾಗಿ ಇಳಿಯುವ ಬದಲು ಒಂದು ಕಡೆ ತಿರುಗಿತು. ಬಗ್ಗಿ ನೋಡಿದರೆ ಅಲ್ಲಿ ಬೆರಳಗಲದ ಗೀರು, ಉಳಿಯಲ್ಲಿ ಕೆತ್ತಿದ್ದು, ಪಾಚಿ ಮುಚ್ಚಿಕೊಂಡಿದೆ. ಯಾರೋ ಒಬ್ಬ ಕಲ್ಲುಕುಟಿಗ ಮಳೆಯಲ್ಲಿ ನಿಂತು ನೀರು ನೋಡಿ ಆಮೇಲೆ ಕೂತು ಕೊರೆದಿರಬೇಕು. ಇಡೀ ಶಿಬಿರದಲ್ಲಿ ನನಗೆ ಬಹಳ ಇಷ್ಟವಾದದ್ದು ಅದು.

ಇನ್ನು ಶಾಸನದ ಪಾಠ. 1904ರಲ್ಲಿ ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಗ್ರಂಥಮಾಲೆಯ 12ನೇ ಸಂಪುಟದಲ್ಲಿ ನಮ್ಮ ತುಮಕೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿಸಿದರು. ಕಲ್ಲು ಯಾವ ಊರಲ್ಲಿದೆ, ಆ ಊರಿನಲ್ಲಿ ಎಲ್ಲಿದೆ ಅಂತ ಅದರಲ್ಲಿ ಇದೆ. ಶಿಬಿರದವರು ಆ ಪಟ್ಟಿ ಹಿಡಿದು ಒಂದೊಂದೇ ಕಲ್ಲು ಈಗಲೂ ಅಲ್ಲೇ ಇದೆಯಾ ಅಂತ ಹುಡುಕುತ್ತಿದ್ದಾರೆ. ನೂರಿಪ್ಪತ್ತು ವರ್ಷದಲ್ಲಿ ರಸ್ತೆ ಬಂದಿದೆ, ದೇವಸ್ಥಾನ ಹೊಸದಾಗಿ ಕಟ್ಟಿದ್ದಾರೆ, ಹೊಲ ಕೈ ಬದಲಾಗಿದೆ. ಕೆಲವು ಕಲ್ಲು ನೆಟ್ಟಲ್ಲೇ ಇರುತ್ತವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿರುತ್ತವೆ, ಕೆಲವು ಇರುವುದೇ ಇಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂತ ಬರೆಯಬೇಕು. ನನ್ನ ಪ್ರಕಾರ ಊರಿನ ಜನ ಮಾಡಬಹುದಾದ ಪುರಾತತ್ವ ಕೆಲಸ ಇದ್ದರೆ ಇದೇ. ಪ್ರೊಫೆಸರ್‌ಗಳು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಕಲ್ಲು ಕಾಣೆಯಾದದ್ದು ಮೊದಲು ಗೊತ್ತಾಗುವುದು ಅದೇ ಹೊಲದ ಬದುವಿನಲ್ಲಿ ದಿನಾ ಓಡಾಡುವವರಿಗೆ.

ರಾತ್ರಿ ಊಟದ ಮುಂಚೆ ಊರ ಪಕ್ಕದ ಒಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಯಾವ ಕಲ್ಲು, ಎಲ್ಲಿದೆ ಅಂತ ಬರೆಯುವುದಿಲ್ಲ, ಕಾರಣ ಕೆಳಗಿದೆ. ಹಗಲಲ್ಲಿ ನೋಡಿದಾಗ ಅದರ ಮೇಲೆ ಸೂರ್ಯ ಚಂದ್ರ ಬಿಟ್ಟರೆ ಏನೂ ಕಂಡಿರಲಿಲ್ಲ, ಅಕ್ಷರ ಎಲ್ಲ ಸವೆದು ಹೋಗಿದೆ ಅನಿಸಿತ್ತು. ಕತ್ತಲಲ್ಲಿ ಮೇಡಂ ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯಲಿಲ್ಲ, ಪಕ್ಕಕ್ಕೆ ಹಿಡಿದರು, ಕಲ್ಲಿನ ಮೈಗೆ ತಾಗಿಸಿದ ಹಾಗೆ. ಒಂದೊಂದು ಗೀರಿಗೂ ನೆರಳು ಬಿತ್ತು, ಸಾಲು ಸಾಲಾಗಿ ಅಕ್ಷರ ಎದ್ದು ನಿಂತವು. "ಸ್ವಸ್ತಿ ಶ್ರೀ" ಅನ್ನುವುದನ್ನು ನಮ್ಮ ಜೊತೆಗಿದ್ದ ಏಳನೇ ಕ್ಲಾಸ್ ಹುಡುಗ ತಾನೇ ಓದಿದ. ಶಕ ವರ್ಷ ಸಿಕ್ಕರೆ ಅದಕ್ಕೆ 78 ಕೂಡಿಸಬೇಕು, ಶಕ 1154 ಅಂದರೆ 1232, ಅಂತ ಅವನಿಂದಲೇ ಲೆಕ್ಕ ಮಾಡಿಸಿದರು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತೀಡುವುದು, ಹಿಟ್ಟು ಬಳಿಯುವುದು, ಎಣ್ಣೆ ಸವರುವುದು ಇಲ್ಲಿ ಇಲ್ಲವೇ ಇಲ್ಲ. ಬೇರೆ ಒಂದು ಕಡೆ ದುಡ್ಡು ಕೊಟ್ಟು ಹೋಗಿದ್ದ ಪಾರಂಪರಿಕ ನಡಿಗೆಯಲ್ಲಿ ಗೈಡ್ ಒಬ್ಬರು ಕಲ್ಲಿಗೆ ಬಣ್ಣದ ಚಾಕ್ ಉಜ್ಜಿ ತೋರಿಸಿದ್ದರು. ತಪ್ಪು ಓದಿ ತಪ್ಪು ಗೆರೆ ಎಳೆದರೆ ಆಮೇಲೆ ಬಂದವರೂ ಅದನ್ನೇ ಓದುತ್ತಾರೆ. ಟಾರ್ಚು ಸಾಕು. ಫೋಟೋಗಳನ್ನು ಒಂದರ ಮೇಲೊಂದು ಮುಕ್ಕಾಲು ಭಾಗ ಹೊಂದುವ ಹಾಗೆ ಸುತ್ತಲೂ ತೆಗೆದರೆ ಕಂಪ್ಯೂಟರಿನಲ್ಲಿ ಕಲ್ಲಿನ ಮೂರು ಆಯಾಮದ ರೂಪ ಕೂಡ ಬರುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವುದು ಕೇಳಿರುತ್ತೀರಿ. ಅಂಥ ಮಷಿನ್ ಇಲ್ಲಿ ಇಲ್ಲ, ಮೊಬೈಲಿನಲ್ಲೇ ಮಾಡುತ್ತಾರೆ, ಆದರೂ ಕೆಲಸಕ್ಕೆ ಬರುತ್ತದೆ. ಬಿಸಿಲಿನಲ್ಲಿ ತೆಗೆಯಬೇಡಿ, ನೆರಳು ಕೆಡಿಸುತ್ತದೆ. ಮೋಡ ಇದ್ದಾಗ ಅಥವಾ ಸಂಜೆ ತೆಗೆಯಿರಿ.

ಭಾನುವಾರದ ಬೆಳಿಗ್ಗೆ ಪೂರ್ತಿ ಊರಿನವರದ್ದು. ಪಾವಗಡ ತಾಲ್ಲೂಕಿನ ಸುತ್ತ ಹೆಚ್ಚು ಕಡೆ ಆಂಧ್ರವೇ ಇರುವುದರಿಂದ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಕುರಿ ಕಾಯುವ ಅಣ್ಣ ಒಬ್ಬರು ನಮ್ಮನ್ನು ಕೋಟೆಯ ಮೇಲಿನ ಸುತ್ತುಗೋಡೆಯ ಕಡೆಗೆ ಕರೆದುಕೊಂಡು ಹೋಗುತ್ತಾ ಒಂದೊಂದು ಬಂಡೆಗೂ ಒಂದೊಂದು ಹೆಸರು ಹೇಳಿದರು. ಹುಡುಗರು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು, ತಿದ್ದಲಿಲ್ಲ. ಒಂದು ಕಡೆ ಬಂಡೆಯ ಮೇಲೆ ಸಾಲು ಗುಂಡಿಗಳಿದ್ದವು. ನಮ್ಮಲ್ಲಿ ಒಬ್ಬರು "ಇದು ಏನೋ ಪೂಜೆಯ ಗುರುತಿರಬೇಕು" ಅಂದರು. ಜೊತೆಗೆ ಬಂದಿದ್ದ ಅಜ್ಜಿ ಕೂತುಕೊಂಡು ನಾಲ್ಕು ಕಲ್ಲು ಆರಿಸಿ ಗುಂಡಿಗೆ ಹಾಕುತ್ತಾ ಹೋದರು. "ಅಳಗುಳಿ ಮಣೆ ಕಣಮ್ಮ ಇದು. ಕಾವಲು ಕಾಯೋರಿಗೆ ಹೊತ್ತು ಹೋಗಬೇಡ್ವಾ?" ಅಂದರು. ಎರಡು ಸಾಲು, ಸಾಲಿಗೆ ಏಳು ಗುಂಡಿ, ಅಳಗುಳಿ ಮಣೆಯ ಲೆಕ್ಕವೇ. ಅಜ್ಜಿಯ ಮಾತನ್ನೂ ಫಾರಂನಲ್ಲಿ ಅವರ ಹೆಸರಿನ ಜೊತೆ ಬರೆದರು. ಬುರುಜಿನ ಪಕ್ಕ, ಬಾಗಿಲಿಗೆ ಕಣ್ಣಿಟ್ಟುಕೊಂಡು ಕೂರುವ ಜಾಗದಲ್ಲೇ ಅದು ಇದೆ.

ಈಗ, ಆ ಶಾಸನದ ಕಲ್ಲು ಎಲ್ಲಿದೆ ಅಂತ ಬರೆಯದಿದ್ದ ಕಾರಣ. ಬೆಟ್ಟದಲ್ಲಿ ಗುಂಡಿಗಳಿವೆ. ನಿಧಿ ಕಳ್ಳರು ತೋಡಿದ್ದು. ಗುಡಿಯ ಒಳಗೆ ನಡುಮಧ್ಯದಲ್ಲಿ, ಬಸವಣ್ಣನ ಕೆಳಗೆ, ಲಿಂಗದ ಪೀಠದ ಕೆಳಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯ ಹಾಳು ಕೋಟೆಗಳಲ್ಲಿ ಈ ಗುಂಡಿ ನೋಡಿದ್ದೇನೆ, ಎಲ್ಲ ಕಡೆ ಒಂದೇ ಥರ. ಕಲ್ಲಿನ ಮೇಲಿನ ಕೆತ್ತನೆ ನಿಧಿಯ ಗುರುತು ಅಂತ ಯಾರೋ ನಂಬಿಸುತ್ತಾರೆ, ಅಮಾವಾಸ್ಯೆಗೆ ಬಂದು ಒಡೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಎಂಟುನೂರು ವರ್ಷ ಮಳೆ ಬಿಸಿಲಿಗೆ ನಿಂತ ಕಲ್ಲು ಒಂದು ರಾತ್ರಿಯ ಆಸೆಗೆ ಎರಡು ಹೋಳು. ಅದಕ್ಕೇ ಶಿಬಿರದವರು ಫೋಟೋ ಹಾಕುವಾಗ ಜಾಗದ ಗುರುತು ತೆಗೆದು ಹಾಕಿ ಅಂತ ಕೇಳುತ್ತಾರೆ. ದಯವಿಟ್ಟು ಪಾಲಿಸಿ. ಮೊಬೈಲಿನ ಫೋಟೋದಲ್ಲಿ ಜಾಗದ ವಿವರ ತಾನಾಗೇ ಸೇರಿಕೊಳ್ಳುತ್ತದೆ, ಸೆಟ್ಟಿಂಗ್‌ನಲ್ಲಿ ಹೋಗಿ ಆಫ್ ಮಾಡಬೇಕು. ಹೊಸ ಗುಂಡಿ ಕಂಡರೆ ಅಳತೆ ತೆಗೆದು, ಫೋಟೋ ಸಮೇತ ಅದೇ ದಿನ ಪಂಚಾಯ್ತಿಗೂ ಪೊಲೀಸ್ ಠಾಣೆಗೂ ಬರೆದು ಕೊಡುತ್ತಾರೆ. ನಾವಿದ್ದಾಗಲೂ ಒಂದು ಪತ್ರ ಹೋಯಿತು.

ಗಿಡ ಕೀಳುವ ಕೆಲಸಕ್ಕೆ ಅಂತಲೇ ಕೆಲವರು ಬಂದಿದ್ದರು, ಅವರಿಗೆ ಸ್ವಲ್ಪ ನಿರಾಸೆ ಆಯಿತು. ಗೋಡೆ ಸಂದಿಯ ಅರಳಿ, ಆಲದ ಗಿಡವನ್ನು ಎಳೆದು ಕೀಳಲು ಬಿಡುವುದಿಲ್ಲ. ಬೇರು ಕಲ್ಲಿನ ಹಿಂದೆ ಹೋಗಿರುತ್ತದೆ, ಎಳೆದರೆ ಅದರ ಜೊತೆ ಕಲ್ಲೂ ಬರುತ್ತದೆ, ಆಮೇಲೆ ಮೇಲಿನ ಸಾಲು ಕೂರುತ್ತದೆ. ಎಲ್ಲಿ ಎಷ್ಟು ದಪ್ಪದ ಗಿಡ ಇದೆ ಅಂತ ಬರೆದು ಪುರಾತತ್ವ ಇಲಾಖೆಗೆ ಕೊಡುವುದಷ್ಟೇ ನಮ್ಮ ಕೆಲಸ. ದಾರಿಗೆ ಅಡ್ಡ ಬಂದ ಲಂಟಾನ ಕಡಿಯಬಹುದು, ಪ್ಲಾಸ್ಟಿಕ್, ಬಾಟಲಿ ಆರಿಸಬಹುದು, ಅದನ್ನು ಎಲ್ಲರೂ ಮಾಡಿದೆವು. ಬಿದ್ದ ಕಲ್ಲನ್ನು ಎತ್ತಿ "ಸರಿಯಾಗಿ" ಜೋಡಿಸುವುದೂ ಇಲ್ಲ. ಬಿದ್ದ ಜಾಗವೇ ಗೋಡೆ ಯಾವ ಕಡೆಗೆ ಕುಸಿಯಿತು ಅಂತ ಹೇಳುತ್ತದೆ.

ವ್ಯವಸ್ಥೆ. ಊಟ ಚೆನ್ನಾಗಿತ್ತು, ಊರಿನ ಮಹಿಳಾ ಸಂಘದವರೇ ಅಡುಗೆ. ಮುದ್ದೆ, ಹುರುಳಿ ಸಾರು, ಕಡಲೆಬೀಜದ ಚಟ್ನಿ, ಬೆಳಿಗ್ಗೆ ಉಪ್ಪಿಟ್ಟು. ಪಾವಗಡ ಸೀಮೆಯ ಕಡಲೆಬೀಜ, ಚಟ್ನಿಯ ರುಚಿಯೇ ಬೇರೆ. ಮಲಗಲು ಸಮುದಾಯ ಭವನ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೋಣೆ, ಹಾಸಿಗೆ ನಾವೇ ತರಬೇಕು. ಕೆಳಗೆ ಶೌಚಾಲಯ ಪರವಾಗಿಲ್ಲ, ಬೆಟ್ಟದ ಮೇಲೆ ಏನೂ ಇಲ್ಲ. ಹೆಂಗಸರಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇದು ನಿಜವಾಗಿ ಕಷ್ಟ. ಒಂದು ಬಟ್ಟೆಯ ಡೇರೆ ಹೊತ್ತುಕೊಂಡು ಹೋದರೂ ಸಾಕು, ಮುಂದಿನ ಸಲಕ್ಕೆ ಮಾಡಿ. ನೀರು ಒಬ್ಬರಿಗೆ ಮೂರು ಲೀಟರ್ ಬೇಕೇ ಬೇಕು. ಹಿಡಿತ ಇರುವ ಶೂ ಹಾಕಿ, ಚಪ್ಪಲಿ ಬೇಡ. ಕರಡಿ, ಚಿರತೆ ಇರುವ ಸೀಮೆ, ಐದು ಗಂಟೆಗೆ ಎಲ್ಲರೂ ಕೆಳಗೆ ಇರಬೇಕು ಅಂತ ಕಟ್ಟುನಿಟ್ಟು, ಇನ್ನೊಂದು ಫೋಟೋ ಅಂತ ನಿಂತವರನ್ನು ಕರೆದುಕೊಂಡೇ ಇಳಿಯುತ್ತಾರೆ. ಹತ್ತು ವರ್ಷದ ಮೇಲಿನ ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಮಂಡಿ ನೋವಿರುವವರು ಹೋಗಬಾರದು ಅಂತೇನಿಲ್ಲ, ಕೆಳಗಿನ ಗುಡಿಗಳ, ವೀರಗಲ್ಲುಗಳ ಗುಂಪಿಗೆ ಸೇರಿಕೊಳ್ಳಬಹುದು, ಹಾಗೆ ಇಬ್ಬರು ಹಿರಿಯರು ಮಾಡಿದರು.

ಇನ್ನು ತಕರಾರು. ಇಷ್ಟೆಲ್ಲ ಚೆನ್ನಾಗಿ ಅಳೆದು, ಬರೆದು, ಫೋಟೋ ತೆಗೆದದ್ದು ಕೊನೆಗೆ ಎಲ್ಲಿಗೆ ಹೋಗುತ್ತದೆ? ಕೇಳಿದೆ. ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಇಂಗ್ಲಿಷಿನಲ್ಲಿ ಒಂದು ವರದಿಯಾಗುತ್ತದೆ, ಅದರ ಪ್ರತಿ ಇಲಾಖೆಗೆ, ಕೆಲವು ಕಾಲೇಜುಗಳಿಗೆ ಹೋಗುತ್ತದೆ. ಊರಿಗೆ ಇಲ್ಲ. ಬಂಡೆಗಳ ಹೆಸರು ಹೇಳಿದ ಆ ಅಣ್ಣ, ಅಳಗುಳಿ ಮಣೆ ತೋರಿಸಿದ ಆ ಅಜ್ಜಿ, ಇವರ ಕೈಗೆ ಒಂದು ಹಾಳೆಯೂ ಬಂದಿಲ್ಲ. ಹಿಂದಿನ ವರ್ಷದ ಶಿಬಿರದ ನಕ್ಷೆ ಇದೆಯಾ ಅಂತ ಪಂಚಾಯ್ತಿಯಲ್ಲಿ ಕೇಳಿದರೆ ಅಲ್ಲಿದ್ದವರು ನನ್ನನ್ನೇ ಕೇಳಿದರು, "ನಿಮ್ಮ ಹತ್ರ ಇದ್ರೆ ಕೊಡಿ ಸಾರ್, ಜನ ಬಂದಾಗ ತೋರಿಸೋಕೆ ಬೇಕು." ಕೂಲಿ ಕೊಟ್ಟಿದ್ದೀರಿ, ಗೌರವವಾಗಿ ನಡೆಸಿಕೊಂಡಿದ್ದೀರಿ, ಅದು ದೊಡ್ಡದು. ಆದರೆ ಊರಿನವರ ಮಾತಿನಿಂದಲೇ ಅರ್ಧ ತುಂಬಿದ ದಾಖಲೆ ಊರಿನಲ್ಲೇ ಇಲ್ಲ ಅಂದರೆ ಹೇಗೆ? ನಾಳೆ ಯಾರೋ ಬಂದು ಒಂದು ಕಲ್ಲು ಎತ್ತಿಕೊಂಡು ಹೋದರೆ ಇಲ್ಲಿ ಇದು ಇತ್ತು ಅಂತ ತೋರಿಸಲು ಅವರ ಹತ್ತಿರ ಏನಿದೆ?

ಮೇಷ್ಟ್ರಿಗೆ ಇದನ್ನು ನೇರವಾಗಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನೀವು ಹೇಳೋದು ಸರಿ, ಕನ್ನಡಕ್ಕೆ ಮಾಡೋಕೆ ಕೈ ಸಾಲ್ತಿಲ್ಲ" ಅಂದರು. ಹಾಗಾದರೆ ಓದುತ್ತಿರುವ ನಿಮ್ಮಲ್ಲಿ ಕನ್ನಡದಲ್ಲಿ ಟೈಪ್ ಮಾಡಲು ಬರುವವರು, ನಕ್ಷೆ ಬರೆಯಲು ಬರುವವರು ಶಿಬಿರಕ್ಕೆ ಹೆಸರು ಕೊಡುವಾಗಲೇ ಅದನ್ನೂ ಹೇಳಿ. ಇಡೀ ವರದಿ ಬೇಡ, ಶುರುವಿಗೆ ಬಾಗಿಲು, ಬುರುಜು, ದೊಣೆ, ಗುಡಿ ಗುರುತು ಹಾಕಿದ ಒಂದು ದೊಡ್ಡ ನಕ್ಷೆ, ಊರಿನವರು ಕರೆಯುವ ಹೆಸರುಗಳ ಜೊತೆ, ಪಂಚಾಯ್ತಿಯ ಗೋಡೆಗೆ. ಕಳುವಿಗೆ ದಾರಿಯಾಗುವ ಕಲ್ಲುಗಳನ್ನು ಅದರಲ್ಲಿ ಬಿಟ್ಟು, ಅವುಗಳ ಪಟ್ಟಿ ಫೋಟೋ ಸಮೇತ ಬೀರುವಿನಲ್ಲಿ. ಶಾಲೆಗೆ ಒಂದು ಪ್ರತಿ. ನಮ್ಮ ಗುಂಪಿನ ಗೋಡೆ ಮತ್ತು ಮೂರು ದೊಣೆಗಳ ಹಾಳೆಗಳನ್ನು ನಾನು ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ್ದೇನೆ. ಉಳಿದ ಗುಂಪುಗಳ ಹಾಳೆಗಳು ಇನ್ನೂ ಇಂಗ್ಲಿಷಿನಲ್ಲೇ ಇವೆ, ಕೈ ಹಾಕುವವರು ಇಲ್ಲಿ ಕೆಳಗೆ ತಿಳಿಸಿದರೆ ಮೇಷ್ಟ್ರಿಗೆ ಮುಟ್ಟಿಸುತ್ತೇನೆ.